ಸುಲ್ತಾನ್‌ಪೇಟೆ ಪ್ರಿಂಟಿಂಗ್ ಅಂಗಡಿ: ಕೆಲಸ ಚೆನ್ನಾಗಿದೆ, ಕನ್ನಡ ಫೈಲ್ ಮಾತ್ರ ಹುಷಾರು

ಯುವಜನ ಸಂಸ್ಥೆ ಒಂದ್ರಲ್ಲಿ ಇಂಟರ್ನ್‌ಶಿಪ್ ಮಾಡ್ತಿದ್ದಾಗ ಹೆಡ್‌ಮಾಸ್ಟರ್‌ಗಳಿಗೆ, ಪಂಚಾಯ್ತಿ ಮೆಂಬರ್‌ಗಳಿಗೆ, ದುಡ್ಡು ಕೊಡೋ ಕಂಪನಿಯವ್ರಿಗೆ ಅಂತ ಮೂರು ಥರ ಬ್ರೋಷರ್ ಡಿಸೈನ್ ಮಾಡೋ ಕೆಲಸ ನನ್ ತಲೆ ಮೇಲೆ ಬಿತ್ತು, ಪ್ರಿಂಟಿಗೆ ಬೆಂಗಳೂರಿನ ಸುಲ್ತಾನ್‌ಪೇಟೆಗೆ ಹೋದೆ. ಅಂಗಡಿ ಹೆಸ್ರು ಬೇಡ ಬಿಡಿ.

ಮೊದಲ ಪ್ರೂಫ್ (ಪೂರ್ತಿ ಪ್ರಿಂಟಿಗೆ ಮುಂಚೆ ತೋರಿಸೋ ಮಾದರಿ) ನೋಡಿ ಎದೆ ಧಸಕ್ ಅಂತು. ಒತ್ತಕ್ಷರ ಎಲ್ಲಾ ಚೆಲ್ಲಾಪಿಲ್ಲಿ, ಯಾಕಂದ್ರೆ ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡಿದ್ದೆ, ಅವ್ರ ಕಂಪ್ಯೂಟರ್‌ನಲ್ಲಿ ಇದ್ದಿದ್ದು ಯೂನಿಕೋಡ್‌ಗೆ ಹೊಂದದ ಹಳೇ ನುಡಿ ಫಾಂಟು, ಫೈಲ್ ಓಪನ್ ಮಾಡಿ ಅದನ್ನೇ ಹಾಕ್ಬಿಟ್ಟಿದ್ರು. ಅಲ್ಲಿದ್ದ ಅಣ್ಣ ಮಾತ್ರ ತಾಳ್ಮೆಯಿಂದ ಹೇಳ್ಕೊಟ್ರು, ಅಕ್ಷರಗಳನ್ನ ಕರ್ವ್ಸ್ ಮಾಡಿ, ಅಂದ್ರೆ ಫಾಂಟ್ ಬೇಡದ ಗೆರೆ ಚಿತ್ರ ಮಾಡಿ, ಪಿಡಿಎಫ್ ತಗೊಂಡ್ ಬಾಮ್ಮ, ಸುತ್ತ 3 ಮಿಮೀ ಬ್ಲೀಡ್ (ಕತ್ತರಿಸಿ ಹೋಗೋ ಹೆಚ್ಚುವರಿ ಅಂಚು) ಬಿಡು, ಫೋಟೋ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರ್ಲಿ ಅಂತ. ಇನ್ನೊಂದು, ಎ4 ಹಾಳೆ ಉದ್ದ 297 ಮಿಮೀ ಅಲ್ವಾ, ಮೂರು ಮಡಿಕೆಗೆ ಸಮ ಭಾಗ ಮಾಡಿದ್ರೆ ಒಳಗೆ ಹೋಗೋ ಪುಟ ಮುದುರುತ್ತೆ, ಅದನ್ನ 97 ಇಟ್ಟು ಉಳಿದವು 100, 100 ಮಾಡ್ಬೇಕಂತೆ. ಕಾಲೇಜಲ್ಲಿ ಯಾರೂ ಹೇಳಿರ್ಲಿಲ್ಲ ನೋಡಿ!

ಎರಡನೇ ಸಲ ಪ್ರಿಂಟು ಸೂಪರ್, ಆದ್ರೆ ಸ್ಕ್ರೀನಲ್ಲಿ ಮಿಂಚ್ತಿದ್ದ ನೀಲಿ ಪೇಪರ್ ಮೇಲೆ ಸ್ವಲ್ಪ ಮಂಕು, ಅದು ಪ್ರಿಂಟಿನ ಬಣ್ಣ ಬಿಟ್ಟು ಆರ್‌ಜಿಬಿಲಿ, ಅಂದ್ರೆ ಸ್ಕ್ರೀನಿಗೆ ಬಳಸೋ ಬಣ್ಣದ ಪದ್ಧತಿಲಿ ಮಾಡಿದ್ದ ನನ್ ತಪ್ಪು. ಪಂಚಾಯ್ತಿಯವ್ರ ಬ್ರೋಷರ್‌ಗೆ ಮಿರಮಿರ ಆರ್ಟ್ ಪೇಪರ್ ಬೇಡ ಅಂದೆ, ಅದ್ರ ಮೇಲೆ ಪೆನ್ನಲ್ಲಿ ಬರೆಯೋಕೆ ಆಗಲ್ಲ, ಅವ್ರು ಫೋನ್ ನಂಬರ್ ಬರ್ಕೊಳ್ಳೋದೇ ಅದ್ರಲ್ಲಿ.

ಡೆಲಿವರಿ ಒಂದಿನ ಲೇಟು. 5ಕ್ಕೆ 4 ಸ್ಟಾರ್. ಶನಿವಾರ ಮಾತ್ರ ಹೋಗ್ಬೇಡಿ, ಲಗ್ನಪತ್ರಿಕೆ ಗಿರಾಕಿಗಳ ಮಧ್ಯೆ ನಿಮ್ಮನ್ನ ಕೇಳೋರಿಲ್ಲ.