ಹನಿಕೋಂಬ್ ಪೇಪರ್ ರೋಲ್: ಸುತ್ತುವುದಕ್ಕೆ ಸೈ, ಸಂದು ತುಂಬುವುದಕ್ಕೆ ಅಲ್ಲ

ಪಿಂಗಾಣಿ ಕಪ್ಪು, ಟೀ ಪಾಟ್, ಗಾಜಿನ ಬಾಟಲಿ, ಕಟ್ಟು ಹಾಕಿದ ಚಿತ್ರ, ಹೀಗೆ ಒಡೆಯುವ ಸಾಮಾನನ್ನೇ ಪಾರ್ಸೆಲ್ ಮಾಡಿ ಕಳಿಸುವ ಕೆಲಸ ನನ್ನದು. ಗಾಳಿಗುಳ್ಳೆಯ ಪ್ಲಾಸ್ಟಿಕ್ ಹಾಳೆ, ಅಂದರೆ ಬಬಲ್ ರ‍್ಯಾಪ್ ಬದಲು ಹನಿಕೋಂಬ್ ಪೇಪರ್ ಬಳಸಿದರೆ ನಡೆಯುತ್ತದಾ ಅಂತ ಜಾಸ್ತಿ ಜನ ಕೇಳುತ್ತಾರೆ. ನಡೆಯುತ್ತದೆ. ಆದರೆ ಎಲ್ಲಾ ಕೆಲಸಕ್ಕೂ ಅಲ್ಲ. ಸಾಮಾನಿಗೆ ಸುತ್ತುವುದಕ್ಕೆ ಇದು ತುಂಬಾ ಒಳ್ಳೆಯದು, ಬಾಕ್ಸ್ ಒಳಗಿನ ಖಾಲಿ ಜಾಗ ತುಂಬುವುದಕ್ಕೆ ಅಷ್ಟಕ್ಕಷ್ಟೆ.

ನೋಡಿಲ್ಲದವರಿಗೆ ಹೇಳುತ್ತೇನೆ. ಇದು ಕಂದು ಬಣ್ಣದ ಕ್ರಾಫ್ಟ್ ಪೇಪರ್, ಅದರ ಮೈತುಂಬ ಸಾಲು ಸಾಲಾಗಿ ಸಣ್ಣ ಸೀಳು ಹಾಕಿರುತ್ತಾರೆ. ರೋಲ್‌ನಲ್ಲಿರುವಾಗ ಮಾಮೂಲಿ ಪೇಪರ್ ಥರ ಚಪ್ಪಟೆ. ಎಳೆದರೆ ಸೀಳುಗಳು ಬಾಯಿ ಬಿಟ್ಟು ಆರು ಮೂಲೆಯ ಕಿಂಡಿಗಳಾಗುತ್ತವೆ, ಪೇಪರ್ ಎದ್ದು ನಿಲ್ಲುತ್ತದೆ. ಒಂದು ಪದರದ ಮೇಲೆ ಇನ್ನೊಂದು ಪದರ ಬಂದಾಗ ಕಿಂಡಿಯ ಅಂಚುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ, ಹಾಗಾಗಿ ಟೇಪ್ ಬೇಕಾಗಿಲ್ಲ. ನನಗೆ ತುಂಬಾ ಇಷ್ಟವಾದದ್ದು ಇದೇ. ಪಾರ್ಸೆಲ್ ಬಿಚ್ಚುವವರು ಕತ್ತರಿ ಹಿಡಿದು ಪರದಾಡಬೇಕಿಲ್ಲ, ಸುಮ್ನೆ ಬಿಡಿಸುತ್ತಾ ಹೋದರೆ ಸಾಕು. ರೋಲ್ ಇಡುವುದಕ್ಕೂ ಹೆಚ್ಚು ಜಾಗ ಬೇಡ, ಬಬಲ್ ರ‍್ಯಾಪ್ ಆದರೆ ಗಾಳಿ ತುಂಬಿಕೊಂಡೇ ಬಂದು ಅರ್ಧ ಕೋಣೆ ತಿಂದುಬಿಡುತ್ತದೆ.

ಎಳೆಯುವುದರಲ್ಲಿ ಒಂದು ಕಿವಿಮಾತು ಇದೆ. ಅರೆಬರೆ ಎಳೆದು ಸುತ್ತಿದರೆ ಅದು ಬರೀ ತೂತಿನ ಪೇಪರ್, ಅಷ್ಟೇ. ಕಿಂಡಿಗಳು ಪೂರ್ತಿ ಬಿಚ್ಚಿಕೊಂಡು ಪೇಪರ್ ದಪ್ಪಗಾಗುವವರೆಗೆ ಎಳೆಯಬೇಕು, ಸುತ್ತುವಾಗಲೂ ಆ ಬಿಗಿ ಹಾಗೇ ಇರಬೇಕು. ಇನ್ನೊಂದು ವಿಷಯ, ಎಳೆದಾಗ ಉದ್ದ ಹೆಚ್ಚಿದಂತೆ ಅಗಲ ಕಡಿಮೆ ಆಗುತ್ತದೆ. ರೋಲ್ ಕೊಳ್ಳುವಾಗ ಬರೆದಿರುವ ಅಗಲವನ್ನೇ ನಂಬಿ ಸಾಮಾನಿನ ಎತ್ತರಕ್ಕೆ ಸರಿಯಾಗಿ ತಗೊಂಡರೆ ಮೇಲೆ ಕೆಳಗೆ ಬೆತ್ತಲೆ ಉಳಿಯುತ್ತದೆ, ಅಲ್ವಾ? ಒಂದು ಅಳತೆ ದೊಡ್ಡದನ್ನೇ ಕೊಳ್ಳಿ.

ಈಗ ಬಬಲ್ ರ‍್ಯಾಪ್ ಜೊತೆ ಹೋಲಿಕೆ. 1957ರಲ್ಲಿ ಅಮೆರಿಕದಲ್ಲಿ ಆಲ್ಫ್ರೆಡ್ ಫೀಲ್ಡಿಂಗ್ ಮತ್ತು ಮಾರ್ಕ್ ಶವಾನ್ ಸೇರಿ ಗೋಡೆಗೆ ಅಂಟಿಸುವ ಉಬ್ಬು ವಾಲ್‌ಪೇಪರ್ ಮಾಡಲು ಹೊರಟಾಗ ಹುಟ್ಟಿದ್ದು ಅದು. ಗೋಡೆಗೆ ಯಾರೂ ಹಾಕಿಕೊಳ್ಳಲಿಲ್ಲ, ಮುಂದೆ ಐಬಿಎಂ ತನ್ನ ಕಂಪ್ಯೂಟರ್ ಸಾಗಿಸಲು ಬಳಸಿದ ಮೇಲೆ ಪ್ಯಾಕಿಂಗ್‌ಗೆ ಹೆಸರಾಯಿತು. ಅದರ ದೊಡ್ಡ ಗುಣ ಅಂದರೆ ಅಮುಕಿದರೆ ಮತ್ತೆ ಉಬ್ಬಿ ಬರುತ್ತದೆ. ಹನಿಕೋಂಬ್ ಹಾಗಲ್ಲ. ಪೆಟ್ಟು ಬಿದ್ದಾಗ ಅದರ ಕಿಂಡಿಗಳು ನಜ್ಜಾಗುತ್ತವೆ, ನಜ್ಜಾಗುತ್ತಲೇ ಪೆಟ್ಟನ್ನು ನುಂಗುತ್ತವೆ, ಆಮೇಲೆ ಅಲ್ಲಿ ಅವು ಮೇಲೇಳುವುದಿಲ್ಲ. ಒಂದು ಪಾರ್ಸೆಲ್ ಬೆಲ್ಟ್ ಮೇಲೆ, ವ್ಯಾನ್ ಒಳಗೆ, ಗೋಡೌನ್ ನೆಲದಲ್ಲಿ ಹಲವು ಸಲ ಪೆಟ್ಟು ತಿನ್ನುತ್ತದೆ. ಹಗುರವಾದ ಕಪ್ಪಿಗೆ ಪೇಪರ್ ಸಾಕು, ಏಕೆಂದರೆ ಕಪ್ಪಿನ ತೂಕಕ್ಕೆ ಕಿಂಡಿ ಅಷ್ಟು ಬೇಗ ಕುಸಿಯುವುದಿಲ್ಲ. ತುಂಬಿದ ಗಾಜಿನ ಬಾಟಲಿ, ಕಲ್ಲಿನ ವಿಗ್ರಹ, ಯಂತ್ರದ ಭಾಗ ಇಂಥವಕ್ಕೆ ನಾನು ಈ ಪೇಪರ್ ನಂಬುವುದಿಲ್ಲ. ಬಬಲ್ ರ‍್ಯಾಪ್ ಅಥವಾ ಫೋಮ್ ಶೀಟೇ ಬೇಕು. ಬಬಲ್‌ನಲ್ಲೂ ಸುಮಾರು 10 ಮಿ.ಮೀ.ನ ಸಣ್ಣ ಗುಳ್ಳೆ ಮೈಗೆ ಸುತ್ತಲು, 25 ಮಿ.ಮೀ. ಆಸುಪಾಸಿನ ದೊಡ್ಡ ಗುಳ್ಳೆ ಸಂದು ತುಂಬಲು. ಗುಳ್ಳೆ ಇರುವ ಬದಿ ಸಾಮಾನಿನ ಕಡೆಗೇ ಇರಲಿ.

ಒಂದು ಕಡೆ ಮಾತ್ರ ಪೇಪರ್ ಬಬಲ್‌ಗಿಂತ ಮೇಲು. ವಾರ್ನಿಷ್ ಅಥವಾ ಬಣ್ಣ ಬಳಿದ ಮೈಗೆ ಪ್ಲಾಸ್ಟಿಕ್ ಗುಳ್ಳೆ ಒತ್ತಿಕೊಂಡು ಬಿಸಿಯಲ್ಲಿ ಕೂತರೆ ಗುಂಡಗಿನ ಗುರುತು ಉಳಿಯಬಹುದು. ಪೇಪರ್‌ನಲ್ಲಿ ಆ ಭಯ ಇಲ್ಲ. ಆದರೆ ಕ್ರಾಫ್ಟ್ ಪೇಪರ್ ಸ್ವಲ್ಪ ಒರಟು, ಹೊಳಪಿನ ಮೈ ಇದ್ದರೆ ಮೊದಲು ತೆಳುವಾದ ಟಿಶ್ಯೂ ಪೇಪರ್ ಸುತ್ತಿ.

ಟೀ ಪಾಟ್ ಸುತ್ತುವ ಕ್ರಮ ಹೇಳುತ್ತೇನೆ, ಕಷ್ಟದ್ದು ಅದೇ. ಮುಚ್ಚಳ ಬೇರೆ ಮಾಡಿ, ಬೇರೆಯೇ ಸುತ್ತಬೇಕು. ಪಾಟ್ ಹೊಟ್ಟೆಯೊಳಗೆ ಮುದುಡಿದ ಪೇಪರ್ ಹಗುರವಾಗಿ ತುಂಬಬೇಕು, ತುರುಕಬಾರದು. ಹಿಡಿಯ ಒಳಗಿನ ಬಳೆಯಂಥ ಜಾಗಕ್ಕೂ ಒಂದು ತುಂಡು ಪೇಪರ್. ಮೂತಿಗೆ ಪ್ರತ್ಯೇಕ ಸುತ್ತು, ತುದಿ ದಾಟಿ ಸ್ವಲ್ಪ ಮುಂದೆ ಬರುವಂತೆ. ಹೊರಗೆ ಚಾಚಿಕೊಂಡದ್ದೇ ಮೊದಲು ಮುರಿಯುವುದು. ಇಷ್ಟಾದ ಮೇಲೆ ಇಡೀ ಪಾಟ್‌ಗೆ ಮೂರು ನಾಲ್ಕು ಸುತ್ತು. ತಟ್ಟೆಗಳನ್ನು ಒಂದೊಂದಾಗಿ ಸುತ್ತಿ ಅಂಚಿನ ಮೇಲೆ ನಿಲ್ಲಿಸಿ. ಒಂದರ ಮೇಲೊಂದು ಮಲಗಿಸಿದರೆ ಮೇಲಿನ ಭಾರವೆಲ್ಲ ಕೆಳಗಿನ ತಟ್ಟೆ ಮೇಲೆ. ಗಾಜಿನ ಚೌಕಟ್ಟಾದರೆ ಗಾಜಿಗೆ ಮಾಸ್ಕಿಂಗ್ ಟೇಪ್‌ನಲ್ಲಿ ಅಡ್ಡಡ್ಡ ಗುಣಿಸು ಗುರುತು ಹಾಕಿ. ಒಡೆಯುವುದನ್ನು ಅದು ತಡೆಯುವುದಿಲ್ಲ, ಒಡೆದರೆ ಚೂರು ಚಿತ್ರವನ್ನು ಗೀಚದಂತೆ ಹಿಡಿದುಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿ ತೆಳು ಬಾಕ್ಸ್‌ಗೆ ತುಂಬಿದರೆ ಏನೂ ಪ್ರಯೋಜನ ಇಲ್ಲ. ಒಡೆಯುವ ಸಾಮಾನಿಗೆ 5 ಪ್ಲೈ ಬಾಕ್ಸ್ ಬೇಕು, ಅಂದರೆ ಮೂರು ಚಪ್ಪಟೆ ಹಾಳೆಗಳ ನಡುವೆ ಎರಡು ಅಲೆಅಲೆ ಹಾಳೆ ಇರುವಂಥದ್ದು. ಸುತ್ತಿದ ಸಾಮಾನಿಗೂ ಬಾಕ್ಸಿನ ಗೋಡೆಗೂ ಆರೂ ಕಡೆ ಕನಿಷ್ಠ 5 ಸೆಂ.ಮೀ. ಅಂತರ ಇರಲಿ, ಆ ಅಂತರ ಪೂರ್ತಿ ತುಂಬಿರಲಿ. ಹನಿಕೋಂಬ್ ಸೋಲುವುದು ಇಲ್ಲೇ. ಅದನ್ನು ಮುದುಡಿ ಮೂಲೆಗೆ ತುಂಬಿದರೆ ದಾರಿಯಲ್ಲಿ ಕುಸಿದು ಕೂರುತ್ತದೆ, ಸಾಮಾನು ಅಲ್ಲಾಡಲು ಶುರುವಾಗುತ್ತದೆ. ಸಂದಿಗೆ ದಪ್ಪ ಕ್ರಾಫ್ಟ್ ಪೇಪರನ್ನು ಬಿಗಿಯಾಗಿ ಉಂಡೆ ಮಾಡಿ ಹಾಕಿ, ಇಲ್ಲವೇ ದೊಡ್ಡ ಗುಳ್ಳೆಯ ಬಬಲ್ ಹಾಕಿ. ಮುಚ್ಚಿ ಕುಲುಕಿ ನೋಡಿ. ಒಳಗೆ ಏನಾದರೂ ಸರಿದಂತೆ ಅನಿಸಿದರೆ ಮತ್ತೆ ತೆಗೆದು ತುಂಬಲೇಬೇಕು, ಎಷ್ಟೇ ಬೇಜಾರಾದರೂ. ಬಹಳ ನಾಜೂಕಾದದ್ದನ್ನು ಚಿಕ್ಕ ಬಾಕ್ಸಲ್ಲಿ ಹಾಕಿ, ಆ ಬಾಕ್ಸನ್ನು ದೊಡ್ಡದರೊಳಗೆ ಇಟ್ಟು ನಡುವೆ ತುಂಬಿ. ಬಾಕ್ಸ್ ಬಾಯಿಗೆ 48 ಮಿ.ಮೀ. ಅಗಲದ ಟೇಪ್ ನಡುವಿನ ಗೆರೆಗೂ ಎರಡು ಅಂಚಿಗೂ, ಮೇಲೂ ಕೆಳಗೂ.

ಫ್ರಾಜೈಲ್ ಸ್ಟಿಕರ್ ಅಂಟಿಸಿ, ತಪ್ಪಿಲ್ಲ. ಆದರೆ ಅದನ್ನು ನಂಬಿ ಒಳಗಿನ ಪ್ಯಾಕಿಂಗ್ ಕಡಿಮೆ ಮಾಡಬೇಡಿ.

ಮಳೆಗಾಲದಲ್ಲಿ ಒಂದು ಎಚ್ಚರ ಬೇಕು. ತೇವ ತಗುಲಿದರೆ ಹನಿಕೋಂಬ್ ಮೆತ್ತಗಾಗಿ ಕಿಂಡಿಗಳು ಕೂತುಬಿಡುತ್ತವೆ, ರಟ್ಟಿನ ಬಾಕ್ಸ್ ಕೂಡ ತೇವಕ್ಕೆ ಬಲ ಕಳೆದುಕೊಳ್ಳುತ್ತದೆ. ಸುತ್ತಿದ ಮೇಲೆ ಒಂದು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಬಾಯಿ ಮುಚ್ಚಿ ಬಾಕ್ಸಲ್ಲಿಡಿ. ರೋಲನ್ನು ನೆಲಕ್ಕೆ ತಾಗಿಸಿ ಇಡಬೇಡಿ.

ನನ್ನ ಕಡೆಯಿಂದ ಐದಕ್ಕೆ ನಾಲ್ಕು ಸ್ಟಾರ್. ಕಪ್ಪು, ಬಟ್ಟಲು, ಮೇಣದ ಬತ್ತಿಯ ಗಾಜು, ಸಣ್ಣ ಪಿಂಗಾಣಿ ಗೊಂಬೆ ಕಳಿಸುವವರು ಕಣ್ಣು ಮುಚ್ಚಿ ಕೊಳ್ಳಬಹುದು. ತೂಕದ ಸಾಮಾನು ಕಳಿಸುವವರು ಒಂದು ಚಿಕ್ಕ ರೋಲ್ ತಗೊಂಡು ಮೈ ಉಜ್ಜದಂತೆ ಒಳಸುತ್ತಿಗೆ ಮಾತ್ರ ಬಳಸಿ, ಹೊರಸುತ್ತಿಗೆ ಬಬಲ್ ಇಟ್ಟುಕೊಳ್ಳಿ.