ಮಳೆಗಾಲದಲ್ಲಿ ಜಂಪಿಂಗ್ ಕುದುರೆ ಕೊಳ್ಳಬೇಡಿ. ಕೊಳ್ಳಲೇಬೇಕಿದ್ದರೆ ಇದನ್ನು ಓದಿ

ಶಿವಮೊಗ್ಗದ ಸುತ್ತ ಈಚೆಗೆ ಕೈಬದಲಾದ ಒಂದು ಥರೋಬ್ರೆಡ್ (ರೇಸ್‌ಗೆಂದೇ ಬೆಳೆಸುವ ತಳಿ) ಕುದುರೆಯ ಸಂಗತಿ ಇದು. "ರೇಸ್ ಬಿಟ್ಟು ಬಂದಿದ್ದು, ಎಂಟು ವರ್ಷ, ಒಂದು ಮೀಟರ್ ಸಲೀಸಾಗಿ ಹಾರುತ್ತೆ" ಅಂತ ಮಾರಿದರು. ಅವರ ಮೈದಾನದಲ್ಲಿ ಹಾರಿದ್ದೂ ನಿಜ. ಹೊಸ ಲಾಯಕ್ಕೆ ಬಂದು ವಾರ ತುಂಬುವುದರೊಳಗೆ ಮುಂದಿನ ಎಡಗಾಲು ಕುಂಟತೊಡಗಿತು. ಹಲ್ಲು ನೋಡಿದರೆ ವಯಸ್ಸು ಹದಿನೈದರ ಆಸುಪಾಸು. ದುಡ್ಡು ವಾಪಸ್ ಕೇಳಿದ್ದಕ್ಕೆ ಸಿಕ್ಕ ಉತ್ತರ: "ನಮ್ಮಲ್ಲಿ ಚೆನ್ನಾಗೇ ಇತ್ತಲ್ಲ ಸಾರ್, ನೀವೇ ಕಣ್ಣಾರೆ ನೋಡಿದ್ರಲ್ಲ." ಬರಹದಲ್ಲಿ ಒಂದಕ್ಷರವೂ ಇರಲಿಲ್ಲ.

ಮೊದಲ ಮೋಸ ನೆಲದ್ದು. ಗೊರಸಿನೊಳಗಿನ ನೋವು ಮಳೆಗೆ ನೆನೆದು ಮೆತ್ತಗಾದ ಕೆಂಪು ಮಣ್ಣಿನಲ್ಲಿ ಅಡಗುತ್ತದೆ, ಗಟ್ಟಿ ನೆಲದಲ್ಲಿ ಬಯಲಾಗುತ್ತದೆ. ಟೆಂಡನ್, ಅಂದರೆ ಮಾಂಸಖಂಡವನ್ನು ಎಲುಬಿಗೆ ಕಟ್ಟುವ ನಾರಿನ ನೋವು ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಹಾಗಾಗಿ ಎರಡೂ ಕಡೆ ಓಡಿಸಿ ನೋಡಬೇಕು. ನಮ್ಮ ಕಡೆ ಗಟ್ಟಿ ನೆಲಕ್ಕೆ ಬರವಿಲ್ಲ, ಅಡಿಕೆ ಒಣಗಿಸುವ ಕಾಂಕ್ರೀಟ್ ಅಂಗಳವೇ ಸಾಕು, ಪಾಚಿ ಕಟ್ಟಿರಬಾರದು ಅಷ್ಟೆ. ಹಗ್ಗ ಸಡಿಲ ಬಿಟ್ಟು ಟ್ರಾಟ್‌ನಲ್ಲಿ, ಅಂದರೆ ಕುಲುಕು ಓಟದಲ್ಲಿ, ನೇರ ಓಡಿಸಿ. ನೋವಿರುವ ಮುಂಗಾಲು ನೆಲ ಮುಟ್ಟಿದಾಗ ತಲೆ ಮೇಲೇಳುತ್ತದೆ, ಒಳ್ಳೆಯ ಕಾಲು ಮುಟ್ಟಿದಾಗ ಕೆಳಗಿಳಿಯುತ್ತದೆ. ಹಗ್ಗವನ್ನು ಗಲ್ಲದ ಬಳಿ ಬಿಗಿಹಿಡಿದು ಓಡಿಸುವವರು ಈ ತಲೆಯಾಟವನ್ನೇ ಮರೆಮಾಚುತ್ತಿರುತ್ತಾರೆ. ಆಮೇಲೆ ಒಂದೊಂದೇ ಕಾಲನ್ನು ಒಂದು ನಿಮಿಷ ಮಡಚಿ ಹಿಡಿದು, ಬಿಟ್ಟ ಕೂಡಲೇ ಟ್ರಾಟ್ ಮಾಡಿಸಿ, ಕುಂಟುತ್ತದೆಯೇ ನೋಡಿ. ಇದನ್ನು ಪಶುವೈದ್ಯರಿಂದಲೇ ಮಾಡಿಸುವುದು ವಾಸಿ.

ಮುಂಗಾಲಿನ ಮಂಡಿಯಿಂದ ಕೆಳಗೆ, ಹಿಂಭಾಗದಲ್ಲಿ, ಎರಡೂ ಕಾಲುಗಳ ಮೇಲೆ ಒಟ್ಟಿಗೆ ಕೈಯಾಡಿಸಿ. ಟೆಂಡನ್ ಹುರಿಹಗ್ಗದಂತೆ ಬಿಗಿಯಾಗಿ, ತಣ್ಣಗೆ ಸಿಗಬೇಕು. ಒಂದು ಕಡೆ ದಪ್ಪ, ಬಿಸಿ ಅಥವಾ ಹೊರಕ್ಕೆ ಬಾಗಿದ ಗೆರೆ ಕಂಡರೆ ಜಂಪಿಂಗ್ ಆಸೆ ಬಿಡಿ. ಹಾರಿ ಇಳಿಯುವಾಗ ಪೂರ್ತಿ ಭಾರ ಬೀಳುವುದು ಮುಂಗಾಲುಗಳ ಮೇಲೆಯೇ.

ಎರಡನೆಯದು ಔಷಧಿ. ನೋವು ಮರೆಸಲು ಬ್ಯೂಟ್, ಅಂದರೆ ಫಿನೈಲ್‌ಬ್ಯುಟಜೋನ್; ಪುಂಡು ಕುದುರೆಯನ್ನು ಸಾಧುವಾಗಿಸಲು ಎಸಿಪಿ, ಅಂದರೆ ಅಸೆಪ್ರೊಮಜಿನ್ ಎಂಬ ಮಂಪರಿನ ಔಷಧಿ. ನೀವು ಹೋಗುವಷ್ಟರಲ್ಲಿ ಜೀನು ಬಿಗಿದು, ಬೆವರು ಹರಿಸಿ ನಿಲ್ಲಿಸಿದ್ದರೆ ಅನುಮಾನಪಡಿ. ಕುದುರೆಯನ್ನು ಲಾಯದಲ್ಲಿ ತಣ್ಣಗಿರುವಾಗ ನೋಡಬೇಕು, ಇನ್ನೊಂದು ದಿನ ಹೇಳದೆ ಹೋಗಿಯೂ ನೋಡಬೇಕು. ವೈದ್ಯರ ತಪಾಸಣೆಯ ದಿನವೇ ಈ ಔಷಧಿಗಳ ಪರೀಕ್ಷೆಗೆ ರಕ್ತ ತೆಗೆಸಿಡಿ. ರಕ್ತ ಅಂದ ಕೂಡಲೇ ಬೆಲೆ ಇಳಿಸುವ ಮಾರಾಟಗಾರರಿದ್ದಾರೆ. ಆ ರಿಯಾಯಿತಿ ನಮಗೆ ಬೇಡ.

ಹಾರಿಸುವುದರಲ್ಲೂ ಚಾಲಾಕಿ ಇದೆ. ಅಡ್ಡಗೋಲನ್ನು ಲಾಯದ ದಿಕ್ಕಿಗೆ ನಿಲ್ಲಿಸಿರುತ್ತಾರೆ, ಮನೆ ಕಡೆಗೆ ಎಂಥ ಕುದುರೆಯೂ ಖುಷಿಯಿಂದ ಹಾರುತ್ತದೆ. ಲಾಯಕ್ಕೆ ಬೆನ್ನು ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ಹಾರಿಸಿ. ಎತ್ತರವನ್ನು ಟೇಪಿನಲ್ಲೇ ಅಳೆಯಿರಿ. ಅವರ "ಒಂದು ಮೀಟರ್" ಎಷ್ಟೋ ಸಲ 80 ಸೆಂಟಿಮೀಟರ್ ದಾಟುವುದಿಲ್ಲ.

ವಯಸ್ಸಿಗೆ ಮೇಲ್ದವಡೆಯ ಮುಂಭಾಗದ ಮೂಲೆ ಹಲ್ಲು ನೋಡಿ. ಅದರ ಮೇಲಿನ ಗೀರು ಸುಮಾರು 10ನೇ ವರ್ಷಕ್ಕೆ ಒಸಡಿನ ಬಳಿ ಶುರುವಾಗಿ 15ಕ್ಕೆ ಅರ್ಧ ಹಲ್ಲಿನವರೆಗೆ ಇಳಿದಿರುತ್ತದೆ. ಇದು ಅಂದಾಜಷ್ಟೇ, ಆದರೆ ಎಂಟಕ್ಕೂ ಹದಿನೈದಕ್ಕೂ ಇರುವ ವ್ಯತ್ಯಾಸ ತಿಳಿಯಲು ಧಾರಾಳ. ರೇಸ್ ಕುದುರೆಯಾದರೆ ಪಾಸ್‌ಪೋರ್ಟ್ ಕೇಳಿ. ಅದರಲ್ಲಿ ಹಣೆಯ ಬಿಳಿ, ಕಾಲಿನ ಬಿಳಿ, ಸುಳಿ ಎಲ್ಲ ಗುರುತು ಹಾಕಿರುತ್ತಾರೆ. ನಮ್ಮವರು ಅದೃಷ್ಟಕ್ಕೆಂದು ಸುಳಿ ನೋಡುತ್ತಾರೆ, ಅದೇ ಸುಳಿಯನ್ನು ಪಾಸ್‌ಪೋರ್ಟ್ ಜೊತೆ ತಾಳೆ ಹಾಕಿದರೆ ನಿಜಕ್ಕೂ ಪ್ರಯೋಜನವಿದೆ. "ಪಾಸ್‌ಪೋರ್ಟ್ ಬೆಂಗಳೂರಲ್ಲಿದೆ, ಆಮೇಲೆ ಕಳಿಸ್ತೀನಿ" ಅಂದರೆ ಮುಂಗಡವನ್ನೂ ಆಮೇಲೆಯೇ ಕೊಡಿ.

ಛಾಪಾ ಕಾಗದದಲ್ಲಿ ವಯಸ್ಸು, ಹಾರುವ ಎತ್ತರ, ಹಿಂದಿನ ಗಾಯ, ಕೊಟ್ಟಿರುವ ಔಷಧಿ, ರಕ್ತದಲ್ಲಿ ಬ್ಯೂಟ್ ಸಿಕ್ಕರೆ ಹಣ ವಾಪಸ್ ಎಂಬ ಷರತ್ತು ಬರೆಸಿ, ವರದಿ ಬರುವತನಕ ಬಾಕಿ ಹಣ ತಡೆಹಿಡಿಯಿರಿ.

ಗ್ಲ್ಯಾಂಡರ್ಸ್ ಪರೀಕ್ಷೆಯನ್ನಂತೂ ಬಿಡಲೇಬೇಡಿ. ಇದು ಮನುಷ್ಯರಿಗೂ ಅಂಟುವ ಕಾಯಿಲೆ, 2009ರ ಪ್ರಾಣಿ ಸಾಂಕ್ರಾಮಿಕ ರೋಗ ಕಾಯ್ದೆಯಡಿ ಸರ್ಕಾರಕ್ಕೆ ತಿಳಿಸಲೇಬೇಕಾದದ್ದು. ಖಚಿತವಾದರೆ ಕುದುರೆಯನ್ನು ದಯಾಮರಣಕ್ಕೆ ಒಳಪಡಿಸುತ್ತಾರೆ, ನಿಮ್ಮ ಲಾಯದ ಉಳಿದವುಗಳ ಓಡಾಟಕ್ಕೂ ತಡೆ ಬೀಳುತ್ತದೆ. ನೆಗೆಟಿವ್ ವರದಿ ಕೈಗೆ ಬರುವವರೆಗೆ ಹೊಸ ಕುದುರೆಯನ್ನು ಬೇರೆ ಕೊಟ್ಟಿಗೆಯಲ್ಲಿ ಕಟ್ಟಿ, ನೀರಿನ ಬಕೆಟ್ಟು, ಮೈ ಉಜ್ಜುವ ಬ್ರಷ್ಷು ಎಲ್ಲ ಬೇರೆ ಇಡಿ.