ಕಾನ್ಪುರದ ಬ್ರೈಡಲ್, ಸ್ಟಿರಪ್ ಪಟ್ಟಿ, ತೋಟಾ ಬೆಲ್ಟ್: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು?

ಮೊದಲೇ ಹೇಳಿಬಿಡುತ್ತೇನೆ. ಬ್ರೈಡಲ್ ತುಂಬಾ ಚೆನ್ನಾಗಿದೆ. ಸ್ಟಿರಪ್ ಪಟ್ಟಿ, ಅಂದರೆ ಸವಾರರು ಕಾಲಿಡುವ ರಿಕಾಪನ್ನು ಜೀನಿಗೆ ತೂಗುಹಾಕುವ ಪಟ್ಟಿ, ಪರವಾಗಿಲ್ಲ. ಬಂದೂಕಿನ ತೋಟಾ ಸಿಕ್ಕಿಸಿಕೊಳ್ಳುವ ಬೆಲ್ಟ್ ನೋಡೋಕೆ ಸೊಗಸು, ಆದರೆ ಅದನ್ನು ಹೇಗೆ ಇಟ್ಟುಕೊಳ್ಳಬೇಕು ಅಂತ ಗೊತ್ತಿಲ್ಲದಿದ್ದರೆ ತಲೆನೋವು. ಮೂರನ್ನೂ ಕಾನ್ಪುರದ ಒಂದು ಸಣ್ಣ ವರ್ಕ್‌ಶಾಪ್‌ನಿಂದ ವಾಟ್ಸಾಪ್‌ನಲ್ಲಿ ಮಾತಾಡಿ, ಅರ್ಧ ದುಡ್ಡು ಮುಂಗಡ ಕೊಟ್ಟು ತರಿಸಿದ್ದು. ಹೊಗಳಿಕೆ ಜೊತೆ ದೂರೂ ಇರೋದರಿಂದ ಅವರ ಹೆಸರು ಬೇಡ. ಅಲ್ಲಿ ಇಂಥ ವರ್ಕ್‌ಶಾಪ್‌ಗಳು ಬೇಕಾದಷ್ಟಿವೆ. ಯಾರ ಹತ್ತಿರ ತರಿಸಿದರೂ ಏನೇನು ನೋಡಬೇಕು ಅನ್ನೋದು ಒಂದೇ.

ಬ್ರೈಡಲ್ ಅಂದರೆ ಕುದುರೆ ಮುಖಕ್ಕೆ ಹಾಕುವ ಪೂರ್ತಿ ಲಗಾಮಿನ ಸೆಟ್ಟು. ತಲೆ ಮೇಲಿನ ಪಟ್ಟಿ, ಹಣೆಪಟ್ಟಿ, ಕೆನ್ನೆಪಟ್ಟಿ, ಮೂಗುಪಟ್ಟಿ, ಗಂಟಲಪಟ್ಟಿ, ಆಮೇಲೆ ಕೈಯಲ್ಲಿ ಹಿಡಿಯುವ ರೇನ್ಸ್. ನಾನು ಸವಾರಿ ಮಾಡುವುದು ರೇಸಿನಿಂದ ನಿವೃತ್ತಿಯಾದ ಒಂದು ಥರೋಬ್ರೆಡ್ ಹೆಣ್ಣು ಕುದುರೆ. ಬೆಂಗಳೂರಿನ ಸುತ್ತಮುತ್ತ ರೈಡಿಂಗ್ ಸ್ಕೂಲ್‌ಗಳಲ್ಲಿ ಇಂಥವೇ ಜಾಸ್ತಿ. ಇದಕ್ಕೆ ಮುಂಚೆ ಇಲ್ಲೇ ಒಂದು ಅಂಗಡಿಯಲ್ಲಿ ಅಗ್ಗದ ಬ್ರೈಡಲ್ ತಗೊಂಡಿದ್ದೆ. ಕುದುರೆ ಬಾಯೊಳಗಿನ ಕಡಿವಾಣಕ್ಕೆ ಸುತ್ತಿ ಬರುವ ಕಡೆ ಚರ್ಮ ಮಡಚುತ್ತದಲ್ಲ, ಅಲ್ಲಿ ಒಂದೇ ಮಳೆಗಾಲಕ್ಕೆ ಒಣ ಹಪ್ಪಳದ ಹಾಗೆ ಸೀಳು ಬಿಟ್ಟಿತು. ಆ ಜಾಗ ಕಿತ್ತು ಬಂದರೆ ಓಡುತ್ತಿರುವ ಕುದುರೆ ಮೇಲೆ ಕೂತವರ ಕೈಯಲ್ಲಿ ಬರೀ ರೇನ್ಸ್ ಉಳಿಯುತ್ತದೆ. ವಿದೇಶಿ ಬ್ರಾಂಡ್ ತಗೊಳ್ಳೋಣ ಅಂದರೆ ಬೆಲೆ ನೋಡಿಯೇ ಬಾಯಿ ಒಣಗುತ್ತದೆ. ಕುಣಿಗಲ್‌ನಂಥ ಹಳೇ ಸ್ಟಡ್ ಫಾರಂ ಇರುವ ರಾಜ್ಯದಲ್ಲಿ ಕುದುರೆಗೆ ಒಂದು ಒಳ್ಳೆ ಲಗಾಮು ಬೇಕು ಅಂದರೆ ಗಂಗೆ ದಡದ ಊರಿಗೆ ಫೋನ್ ಮಾಡಬೇಕು, ಏನು ಮಾಡೋದು!

ಕಾನ್ಪುರವೇ ಯಾಕೆ ಅಂತ ಕೇಳಬಹುದು. 1857ರ ದಂಗೆ ಆದಮೇಲೆ ಬ್ರಿಟಿಷ್ ಸೈನ್ಯಕ್ಕೆ ಜೀನು, ಲಗಾಮು, ಬೂಟು ರಾಶಿ ರಾಶಿ ಬೇಕಾಯಿತು. 1860ರ ದಶಕದಲ್ಲಿ ಅಲ್ಲಿ ಸರ್ಕಾರಿ ಹಾರ್ನೆಸ್ ಮತ್ತು ಸ್ಯಾಡ್ಲರಿ ಕಾರ್ಖಾನೆ ಶುರುವಾಯಿತು. ಸುತ್ತಲಿನ ಬಯಲಿಂದ ಚರ್ಮ ಬರುತ್ತಿತ್ತು, ಅದನ್ನು ಹದ ಮಾಡುವುದಕ್ಕೆ ಜಾಲಿ ತೊಗಟೆ ಸಿಗುತ್ತಿತ್ತು, ನದಿ ನೀರಂತೂ ಪಕ್ಕದಲ್ಲೇ. ಆ ಕೆಲಸಗಾರರ ಕೈಚಳಕ ಊರಲ್ಲೇ ಉಳಿದುಕೊಂಡಿತು. ಇವತ್ತು ಕಾನ್ಪುರ ಸ್ಯಾಡ್ಲರಿಗೆ ಜಿಐ ಟ್ಯಾಗ್ ಕೂಡ ಇದೆ, ಯೂರೋಪ್ ಅಮೆರಿಕಕ್ಕೆ ಮಾಲು ಹೋಗುತ್ತದೆ. ಹಾಗಂತ ಅಲ್ಲಿಂದ ಬಂದದ್ದೆಲ್ಲ ಚಿನ್ನ ಅಂತ ತಿಳಿಯಬೇಡಿ. ಹೊರದೇಶದ ಸವಾರರಲ್ಲಿ ‘ಇಂಡಿಯನ್ ಲೆದರ್’ ಅಂದರೆ ಇವತ್ತಿಗೂ ಮೂಗು ಮುರಿಯುವವರು ಇದ್ದಾರೆ. ಒಣಕಲು, ಬೇಗ ಎಳೆದುಕೊಳ್ಳುತ್ತದೆ, ಬಣ್ಣ ಬಿಡುತ್ತದೆ ಅಂತ. ಅಗ್ಗದ ಮಾಲಿನ ವಿಷಯದಲ್ಲಿ ಅವರು ಹೇಳೋದು ಸುಳ್ಳೇನಲ್ಲ, ನನ್ನ ಹಳೇ ಬ್ರೈಡಲ್ಲೇ ಸಾಕ್ಷಿ.

ಪಾರ್ಸಲ್ ಬಿಚ್ಚಿದಾಗ ಕಂದು ಪಟ್ಟಿಗಳ ಮೇಲೆ ಅಲ್ಲಲ್ಲಿ ಬಿಳಿ ಪುಡಿ ಹರಡಿತ್ತು. ನಮ್ಮ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಇದನ್ನು ನೋಡಿದವನೇ, ‘ಮೇಡಂ, ಹೊಸಾದ್ರಲ್ಲೇ ಬೂಷ್ಟು ಹಿಡ್ದಿದೆ, ವಾಪಸ್ ಕಳಿಸ್ಬಿಡಿ’ ಅಂದ. ಅದು ಬೂಷ್ಟಲ್ಲ. ಒಳ್ಳೆ ಬ್ರೈಡಲ್ ಚರ್ಮಕ್ಕೆ ತೊಗಟೆಯಿಂದ ಹದ ಮಾಡಿದ ಮೇಲೆ ಬಿಸಿ ಮೇಣ, ಕೊಬ್ಬು ಕುಡಿಸುತ್ತಾರೆ. ಆಮೇಲೆ ತಣ್ಣಗಿನ ಜಾಗದಲ್ಲಿ ಇಟ್ಟರೆ ಆ ಮೇಣ ಮೇಲಕ್ಕೆ ಬಂದು ಬಿಳಿಯಾಗಿ ಕಾಣುತ್ತದೆ. ಬೆರಳಿಂದ ಉಜ್ಜಿದರೆ, ಇಲ್ಲ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಗಾಳಿ ಬಿಟ್ಟರೆ, ಕರಗಿ ಒಳಗೆ ಹೋಗುತ್ತದೆ. ಬೂಷ್ಟಾದರೆ ಮುಗ್ಗಲು ವಾಸನೆ ಬರುತ್ತದೆ, ಚುಕ್ಕೆ ಚುಕ್ಕೆಯಾಗಿ ಹರಡುತ್ತದೆ. ಅವನಿಗೆ ನಂಬಿಕೆ ಬರಲಿಲ್ಲ. ಬಿಸಿ ಗಾಳಿ ಬಿಟ್ಟು ತೋರಿಸಿದ ಮೇಲೆ ತಾನೇ ಪಟ್ಟಿಯನ್ನು ಬಾಗಿಸಿ, ಮೂಸಿ, ‘ಹೂಂ, ಮಾಲು ಪರ್ವಾಗಿಲ್ಲ’ ಅಂದ. ಕುದುರೆ ಸಾಮಾನಿನ ವಿಷಯದಲ್ಲಿ ಅವನ ಬಾಯಿಂದ ಇಷ್ಟು ಬಂದರೆ ಅದೇ ಐದು ಸ್ಟಾರ್.

ಚರ್ಮ ಎಮ್ಮೆಯದು. ಅಲ್ಲಿನ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಅದೇ ಜಾಸ್ತಿ. ಹಸುವಿನ ಚರ್ಮದಷ್ಟು ನಯ ಇರುವುದಿಲ್ಲ, ಮೇಲ್ಮೈ ಸ್ವಲ್ಪ ಒರಟು. ಅದಕ್ಕೇ ಯಾವ ಭಾಗದಿಂದ ಕತ್ತರಿಸಿದ್ದಾರೆ ಅನ್ನೋದು ಮುಖ್ಯ. ಬೆನ್ನಿನ ಚರ್ಮ ಬಿಗಿ, ಹೊಟ್ಟೆ ಕಡೆಯದು ಸಡಿಲ, ಎಳೆದರೆ ಎಳೆದಷ್ಟೂ ಬರುತ್ತದೆ. ಪರೀಕ್ಷೆ ಸುಲಭ. ಪಟ್ಟಿಯ ನಯವಾದ ಮೇಲ್ಭಾಗ ಒಳಗೆ ಬರುವ ಹಾಗೆ ಬಾಗಿಸಿ. ಸಣ್ಣ ಸಣ್ಣ ಗೆರೆ ಮೂಡಿ ಬಿಟ್ಟ ತಕ್ಷಣ ಮಾಯವಾದರೆ ಒಳ್ಳೆಯದು. ದೊಡ್ಡ ಸುಕ್ಕು ಬಿದ್ದು, ಮೇಲ್ಪದರ ಬಿಟ್ಟುಕೊಂಡ ಹಾಗೆ ಎದ್ದರೆ ಅದು ಹೊಟ್ಟೆ ಕಡೆಯ ತುಂಡು. ನನ್ನ ಬ್ರೈಡಲ್‌ನಲ್ಲಿ ಒಂದು ಪಟ್ಟಿಯೂ ಹಾಗಿರಲಿಲ್ಲ, ಮೂಗುಪಟ್ಟಿಯ ಒಳಗಿನ ತುಂಡು ಕೂಡ. ಸಾಮಾನ್ಯವಾಗಿ ಕಳ್ಳಾಟ ನಡೆಯುವುದೇ ಅಲ್ಲಿ, ಯಾಕೆಂದರೆ ಅದು ಹೊರಗೆ ಕಾಣುವುದಿಲ್ಲ ಅಲ್ವಾ.

ಈಗ ಹೊಲಿಗೆ. ನಾನು ದುಡ್ಡು ಕೊಟ್ಟಿದ್ದು ನಿಜವಾಗಿ ಇದಕ್ಕೇ. ಮೆಷಿನ್ ಹೊಲಿಗೆಯಲ್ಲಿ ಮೇಲೊಂದು ದಾರ, ಕೆಳಗೊಂದು ದಾರ. ಎರಡೂ ಚರ್ಮದ ಮಧ್ಯೆ ಒಂದನ್ನೊಂದು ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಕಡೆ ಸವೆದು ತುಂಡಾದರೆ ಪಕ್ಕದ ಹೊಲಿಗೆಗಳೂ ಸಡಿಲವಾಗುತ್ತಾ ಹೋಗುತ್ತವೆ. ಕೈಹೊಲಿಗೆಯಲ್ಲಿ ಒಂದೇ ಉದ್ದದ ದಾರ, ಎರಡು ತುದಿಗೂ ಒಂದೊಂದು ಸೂಜಿ. ಚೂಪಾದ ಉಳಿಯಿಂದ ಓರೆಯಾಗಿ ತೂತು ಹಾಕಿ, ಅದೇ ತೂತಿನಲ್ಲಿ ಎಡಗಡೆ ಸೂಜಿ ಬಲಕ್ಕೆ, ಬಲಗಡೆ ಸೂಜಿ ಎಡಕ್ಕೆ ದಾಟಿಸಿ ಬಿಗಿಯುತ್ತಾರೆ. ಒಂದು ಎಳೆ ಹೋದರೂ ಇನ್ನೊಂದು ಎಳೆ ಪಟ್ಟಿಯನ್ನು ಹಿಡಿದುಕೊಂಡಿರುತ್ತದೆ, ಅಷ್ಟರಲ್ಲಿ ನಿಮ್ಮ ಕಣ್ಣಿಗೆ ಬೀಳುತ್ತದೆ, ರಿಪೇರಿ ಮಾಡಿಸಬಹುದು. ಕೆನ್ನೆಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಇಂಚಿಗೆ ಎಂಟು ಹೊಲಿಗೆ, ಎಲ್ಲ ಒಂದೇ ಕಡೆ ಓರೆ. ತಿರುಗಿಸಿದರೆ ಹಿಂದಿನ ಸಾಲೂ ಓರೆಯೇ, ಸ್ವಲ್ಪ ಕಡಿಮೆ ಅಷ್ಟೇ. ಬಕಲ್ ಹತ್ತಿರ ಒಂದು ಹೊಲಿಗೆ ಸಾಲಿಂದ ಕೂದಲೆಳೆಯಷ್ಟು ಆಚೆ ಹೋಗಿದೆ. ಅದನ್ನು ನಾನು ದೋಷ ಅಂತ ಲೆಕ್ಕಕ್ಕೆ ಇಟ್ಟಿಲ್ಲ. ದಾರಕ್ಕೆ ಜೇನುಮೇಣ ಸವರಿದ್ದು ಉಗುರಿಂದ ಕೆರೆದರೆ ಗೊತ್ತಾಗುತ್ತದೆ.

ಅಂಚುಗಳನ್ನೂ ನೋಡಿ. ಅಗ್ಗದ ಮಾಲಿನಲ್ಲಿ ಅಂಚಿಗೆ ಪ್ಲಾಸ್ಟಿಕ್‌ನಂಥ ಬಣ್ಣ ಬಳಿದು ಮುಗಿಸಿರುತ್ತಾರೆ, ಬೆವರು ತಾಗಿದರೆ ಸಿಪ್ಪೆ ಏಳುತ್ತದೆ. ಇವರು ಮೂಲೆ ಹೆರೆದು, ಬಣ್ಣ ಕುಡಿಸಿ, ಉಜ್ಜಿ ಉಜ್ಜಿ ಹೊಳಪು ತಂದಿದ್ದಾರೆ. ರೇನ್ಸ್ ಹಿಡಿದಾಗ ಬೆರಳಿಗೆ ಕೊರೆಯುವುದಿಲ್ಲ. ಬಕಲ್‌ಗಳಿಗೆ ಮ್ಯಾಗ್ನೆಟ್ ಹಿಡಿದೆ, ಒಂದೂ ಅಂಟಲಿಲ್ಲ. ಅಂಟಿದರೆ ಕಬ್ಬಿಣದ ಮೇಲೆ ಹಿತ್ತಾಳೆ ಲೇಪ ಅಂತ ಅರ್ಥ, ಇವತ್ತಲ್ಲ ನಾಳೆ ತುಕ್ಕು ಗ್ಯಾರಂಟಿ.

ದೂರು ಹಣೆಪಟ್ಟಿಯದು. ಸೈಜ್ ‘ಫುಲ್’ ಅಂತ ಆರ್ಡರ್ ಮಾಡಿ, ಜೊತೆಗೆ ಟೇಪ್ ಹಿಡಿದು ತೆಗೆದ ಅಳತೆಯನ್ನೂ ಕಳಿಸಿದ್ದೆ. ಉಳಿದದ್ದೆಲ್ಲ ಅಳತೆಗೆ ಸರಿಯಾಗಿ ಬಂತು, ಹಣೆಪಟ್ಟಿ ಮಾತ್ರ ಗಿಡ್ಡ. ಇದು ಸಣ್ಣ ವಿಷಯ ಅಲ್ಲ. ಹಣೆಪಟ್ಟಿ ಗಿಡ್ಡವಾದರೆ ತಲೆ ಮೇಲಿನ ಪಟ್ಟಿಯನ್ನು ಮುಂದಕ್ಕೆ ಎಳೆದು ಕಿವಿ ಬುಡಕ್ಕೆ ಒತ್ತುತ್ತದೆ, ಕುದುರೆ ತಲೆ ಕೊಡವುತ್ತಲೇ ಇರುತ್ತದೆ. ಸವಾರರು ಕುದುರೆಗೆ ಕೊಬ್ಬು ಅಂದುಕೊಂಡು ಬೈಯುತ್ತಾರೆ ಪಾಪ. ಫೋಟೋ ಕಳಿಸಿದೆ. ಒಂದು ವಾದವೂ ಮಾಡದೆ ಬೇರೆ ಹಣೆಪಟ್ಟಿ ಮಾಡಿಕೊಟ್ಟರು, ಆದರೆ ಕೊರಿಯರ್ ದುಡ್ಡು ನನ್ನ ತಲೆಗೇ ಕಟ್ಟಿದರು. ತಪ್ಪು ಅವರದು, ಖರ್ಚು ನನ್ನದು, ಇದ್ಯಾವ ನ್ಯಾಯ? ಎರಡನೇದು ಸರಿಯಾಗಿ ಕೂತಿದೆ. ಮೂಗುಪಟ್ಟಿಯ ಕೆಳಗೆ ಎರಡು ಬೆರಳು ಆಡುತ್ತವೆ, ಗಂಟಲಪಟ್ಟಿಯಲ್ಲಿ ಮುಷ್ಟಿ ಹಿಡಿಸುತ್ತದೆ.

ಸ್ಟಿರಪ್ ಪಟ್ಟಿ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ದಪ್ಪ ಎಮ್ಮೆ ಚರ್ಮ, ಗಟ್ಟಿ ಬಕಲ್. ಎರಡನ್ನೂ ಒಂದೇ ಮೊಳೆಗೆ ನೇತುಹಾಕಿ ನೋಡಿದರೆ ತೂತುಗಳು ಸಮ ಸಮ ಬಂದವು, ಆ ಪರೀಕ್ಷೆ ಮಾತ್ರ ಎಲ್ಲರೂ ಮಾಡಿ. ಎಮ್ಮೆ ಚರ್ಮ ಗಟ್ಟಿ ನಿಜ, ಎಳೆದುಕೊಳ್ಳುವುದೂ ನಿಜ. ನಾವು ಎಡಗಡೆಯಿಂದ ಹತ್ತುವುದರಿಂದ ಎಡಗಡೆ ಪಟ್ಟಿಗೆ ಭಾರ ಜಾಸ್ತಿ ಬಿದ್ದು ಅದು ಉದ್ದವಾಗುತ್ತದೆ, ಆಗಾಗ ಎಡಬಲ ಬದಲಾಯಿಸುತ್ತಿರಬೇಕು. ನನ್ನದು ಶುರುವಿನಲ್ಲೇ ಒಂದು ತೂತಿನಷ್ಟು ಇಳಿಯಿತು, ಈಗ ನಿಂತಿದೆ. ಒಳಗೆ ನೈಲಾನ್ ಇಟ್ಟು ಹೊಲಿದ ಪಟ್ಟಿಗಳು ಹೀಗೆ ಎಳೆದುಕೊಳ್ಳುವುದಿಲ್ಲ. ಜಂಪಿಂಗ್ ಮಾಡುವವರು ಅದನ್ನೇ ತಗೊಳ್ಳಿ.

ತೋಟಾ ಬೆಲ್ಟ್ ನನಗಲ್ಲ, ವಿರಾಜಪೇಟೆ ಕಡೆಯ ಗೆಳೆಯನಿಗೆ. ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್‌ನಿಂದ ಇರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರ ಮತ್ತೆ 10 ವರ್ಷಕ್ಕೆ ಮುಂದುವರಿಸಿತು, ಗೊತ್ತಿರಬಹುದು. ಕೈಲ್ ಪೊಳ್ದ್ ಹಬ್ಬಕ್ಕೆ ಮನೆಯಲ್ಲಿ ಕೋವಿಗೆ ಪೂಜೆ ಮಾಡುವವರಿಗೆ ಅದರ ಸಾಮಾನೂ ಚೆನ್ನಾಗಿರಬೇಕು ಅನ್ನೋ ಆಸೆ. ಹನ್ನೆರಡು ಬೋರ್ ತೋಟಾಕ್ಕೆ ಅಳತೆ ಕೊಟ್ಟು ಮಾಡಿಸಿದ್ದು. ಲೂಪ್‌ಗಳು ಬಿಗಿ, ತಲೆಕೆಳಗೆ ಹಿಡಿದರೂ ತೋಟಾ ಜಾರುವುದಿಲ್ಲ. ಕೆಲಸ ನೀಟು.

ಆದರೆ ಅವನು ತೋಟಾಗಳನ್ನು ಬೆಲ್ಟ್‌ನಲ್ಲೇ ಸಿಕ್ಕಿಸಿ ಅಲ್ಮೇರಾದಲ್ಲಿ ಇಟ್ಟುಬಿಟ್ಟ. ಕೊಡಗಿನ ಮಳೆ ಬೇರೆ. ತೆಗೆದು ನೋಡಿದರೆ ತೋಟಾದ ಹಿತ್ತಾಳೆ ಬುಡದ ಸುತ್ತ ಹಸಿರು ಕಿಲುಬು. ವರ್ಕ್‌ಶಾಪ್‌ನವರು ಕೆಟ್ಟ ಚರ್ಮ ಹಾಕಿದ್ದಾರೆ ಅಂತ ನನಗೆ ಫೋನ್ ಮಾಡಿ ರೇಗಿದ. ಅವರದೇನೂ ತಪ್ಪಿಲ್ಲ. ತೊಗಟೆಯಿಂದ ಹದ ಮಾಡಿದ ಚರ್ಮದಲ್ಲಿ ಆಮ್ಲದ ಅಂಶ ಇರುತ್ತದೆ, ತೇವ ಸೇರಿದರೆ ಹಿತ್ತಾಳೆ ಕಿಲುಬು ಹಿಡಿಯಲೇಬೇಕು. ಪಿಸ್ತೂಲು, ರಿವಾಲ್ವರ್‌ಗೂ ಅಷ್ಟೇ, ಅವನ್ನು ಸಿಕ್ಕಿಸಿಕೊಳ್ಳುವ ಚರ್ಮದ ಹೋಲ್‌ಸ್ಟರ್‌ನಲ್ಲೇ ಬಿಟ್ಟು ಬೀಗ ಹಾಕಿದರೆ ತುಕ್ಕು ಬರುತ್ತದೆ. ಬೆಲ್ಟ್, ಹೋಲ್‌ಸ್ಟರ್ ಎಲ್ಲ ಹೊರಗೆ ಹೊರಡುವಾಗ ಹಾಕಿಕೊಳ್ಳಲಿಕ್ಕೆ, ಇಡುವುದಕ್ಕಲ್ಲ. ಇದನ್ನು ಒಂದು ಚೀಟಿಯಲ್ಲಿ ಬರೆದು ಪಾರ್ಸಲ್‌ಗೆ ಹಾಕಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಹೋಲ್‌ಸ್ಟರ್ ಬಗ್ಗೆಯೂ ವಿಚಾರಿಸಿದ್ದೆ. ಚರ್ಮವನ್ನು ನೀರಲ್ಲಿ ನೆನೆಸಿ, ಡಮ್ಮಿ ಗನ್ ಒಳಗಿಟ್ಟು, ಕೈಯಿಂದ ಒತ್ತಿ ಒತ್ತಿ ಅದರ ಆಕಾರ ತರಿಸಿ, ಹಾಗೇ ಒಣಗಿಸುತ್ತಾರೆ. ಒಣಗಿದ ಮೇಲೆ ಆ ಆಕಾರ ಬಿಡುವುದಿಲ್ಲ. ಹಾಗಾಗಿ ನಿಮ್ಮ ಮಾಡೆಲ್‌ನ ಡಮ್ಮಿ ಅವರ ಹತ್ತಿರ ಇದ್ದರೆ ಮಾತ್ರ ಆರ್ಡರ್ ಮಾಡಿ. ಆರ್ಡ್‌ನೆನ್ಸ್ ಫ್ಯಾಕ್ಟರಿಯ .32 ರಿವಾಲ್ವರ್ ತಯಾರಾಗುವುದೂ ಕಾನ್ಪುರದಲ್ಲೇ, ಅದಕ್ಕೆ ತೊಂದರೆ ಇಲ್ಲ. ಬೇರೆ ಮಾಡೆಲ್‌ಗೆ ‘ಫೋಟೋ ಕಳಿಸಿ, ಮಾಡಿಕೊಡ್ತೀವಿ’ ಅಂದರು. ಬರೀ ಫೋಟೋ ನೋಡಿ ಮಾಡಿದ ಹೋಲ್‌ಸ್ಟರ್ ಸುಮ್ನೆ ದಂಡ.

ಡೆಲಿವರಿ ತಡವಾಯಿತು. ಹೇಳಿದ ದಿನ ದಾಟಿದ ಮೇಲೆ ಕೇಳಿದರೆ ಚರ್ಮ ಹದ ಮಾಡುವ ಟ್ಯಾನರಿ ಬಂದ್ ಅಂದರು. ನೆಪ ಇರಬಹುದು, ನಿಜವೂ ಇರಬಹುದು. ಪ್ರಯಾಗದಲ್ಲಿ ಮಾಘಸ್ನಾನ, ಕುಂಭಮೇಳ ಬಂದಾಗ ಗಂಗೆಗೆ ಕೊಳಕು ಸೇರಬಾರದು ಅಂತ ಕಾನ್ಪುರದ ಜಾಜ್‌ಮವ್‌ನ ಟ್ಯಾನರಿಗಳನ್ನು ಮುಚ್ಚಿಸುತ್ತಾರೆ, 2019ರ ಕುಂಭದ ಹೊತ್ತಿಗೆ ಅದು ದೊಡ್ಡ ಸುದ್ದಿಯೇ ಆಗಿತ್ತು. ಚಳಿಗಾಲದಲ್ಲಿ ಆರ್ಡರ್ ಮಾಡುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ.

ಮಳೆಗಾಲಕ್ಕೆ ಎರಡು ಮಾತು. ಸವಾರಿ ಮುಗಿದ ಕೂಡಲೇ ಒದ್ದೆ ಬಟ್ಟೆಯಿಂದ ಬೆವರಿನ ಉಪ್ಪು ಒರೆಸಿ, ಆಮೇಲೆ ಗ್ಲಿಸರಿನ್ ಸೋಪು. ನೆನೆದರೆ ನೆರಳಲ್ಲೇ ಒಣಗಿಸಿ, ಬಿಸಿಲಿಗೆ ಇಡಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟರೆ ಬೂಷ್ಟು ಬರುವುದು ಖಂಡಿತ, ಗಾಳಿಯಾಡುವ ಕಡೆ ನೇತುಹಾಕಿ. ಎಣ್ಣೆ ಸುರಿಯುವ ಚಟ ಕೆಲವರಿಗಿದೆ. ಜಾಸ್ತಿಯಾದರೆ ಪಟ್ಟಿ ಸೊರಗಿ ಜೋತುಬೀಳುತ್ತದೆ, ಹೊಲಿಗೆಯ ತೂತುಗಳೂ ಸಡಿಲವಾಗುತ್ತವೆ.

ಸ್ಯಾಡಲ್ ಕೂಡ ಇವರು ಮಾಡುತ್ತಾರೆ, ಫೋಟೋಗಳು ಆಸೆ ಹುಟ್ಟಿಸುವ ಹಾಗಿವೆ. ನಾನಂತೂ ತರಿಸುವುದಿಲ್ಲ. ಬ್ರೈಡಲ್‌ನಲ್ಲಿ ಒಂದು ತುಂಡು ಗಿಡ್ಡವಾದರೆ ಅದೊಂದನ್ನು ಬದಲಾಯಿಸಬಹುದು. ಸ್ಯಾಡಲ್ ಒಳಗಿನ ಚೌಕಟ್ಟು ಕುದುರೆ ಬೆನ್ನಿಗಿಂತ ಇಕ್ಕಟ್ಟಾದರೆ ಹೆಗಲ ಹತ್ತಿರ ಒತ್ತಿ ಹುಣ್ಣಾಗುತ್ತದೆ, ಅದನ್ನು ಯಾವ ಹೊಲಿಗೆಯೂ ಸರಿಮಾಡಲ್ಲ. ಅದನ್ನು ಕುದುರೆ ಬೆನ್ನ ಮೇಲೆ ಇಟ್ಟು ನೋಡಿಯೇ ತಗೊಳ್ಳಬೇಕು. ಹೆಡ್ ಕಾಲರ್ (ಕುದುರೆಯನ್ನು ಕಟ್ಟಲು, ನಡೆಸಲು ಹಾಕುವ ಮುಖಪಟ್ಟಿ) ಮತ್ತೆ ಇನ್ನೊಂದು ಜೊತೆ ರೇನ್ಸ್ ಮಾತ್ರ ಇವರ ಹತ್ತಿರವೇ ಹೇಳಿದ್ದೇನೆ, ಈ ಸಲ ಕೊರಿಯರ್ ದುಡ್ಡು ಯಾರದು ಅಂತ ಮೊದಲೇ ಬರೆಸಿಕೊಂಡು.